ಬಟ್ಟಲು

ನನ್ನದು ಬಾಯಿ ನೋಡುವ ಕೆಲಸ,
ಖಡಕಿ ಬಜಾರಿನಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಮಾಳಿಗೆ.
ಭಾನುವಾರ ಮಾತ್ರ ಕಬ್ಬಿಣದ ಬಾಯಿಗಳನ್ನು ಹುಡುಕುತ್ತೇನೆ
ಜುನಾ ಬಜಾರಿನಲ್ಲಿ,
ನಲ್ಲಿ, ಬೀಗ, ರೆಕ್ಕೆ ಮುರಿದ ಫ್ಯಾನುಗಳ ನಡುವೆ.

ಗುಲಾಬ್ ತಾಂಬೋಳಿ ಎತ್ತಿ ತೋರಿಸಿದ:
‘ಖಲಬತ್ತಾ, ಡಾಕ್ಟರ್. ಏಲಕ್ಕಿ ಕುಟ್ಟಲಿಕ್ಕೆ.
ಗುಂಡು ಮಾತ್ರ ಕಳೆದಿದೆ.’
ಅವನು ಹೇಳಿದ್ದು ಮರಾಠಿಯಲ್ಲಿ.
ಗುಂಡು ಎಂದು ಕನ್ನಡಕ್ಕೆ ತಂದುಕೊಂಡವನು ನಾನು,
ತಂದು, ಒಬ್ಬನೇ ನಕ್ಕವನೂ ನಾನೇ.
ಮುನ್ನೂರಕ್ಕೆ ಬಿಟ್ಟುಕೊಟ್ಟ.

ಬಂದೂಕಿನ ಮೂತಿಗೆ ತೊಡಿಸುತ್ತಿದ್ದ ಬಟ್ಟಲು ಇದು.
ಒಳಗೆ ಕೈಬಾಂಬು ಕೂರುತ್ತಿತ್ತು
ಅಚ್ಚಿನಲ್ಲಿ ಬೆಲ್ಲ ಕೂತ ಹಾಗೆ.
ಬುಡದಲ್ಲೊಂದು ಗಾಳಿಕಿಂಡಿ:
ತೆರೆದರೆ ಹತ್ತಿರ, ಮುಚ್ಚಿದರೆ ದೂರ.
ಇಂಥವು ಮನೆಯಲ್ಲಿ ಆರು ಇವೆ.
‘ಏಳನೇದಾ?’ ಅಂದಳು ಸುನಂದಾ,
ಮತ್ತೇನೂ ಅನ್ನಲಿಲ್ಲ. ಕಿಂಡಿ ಮುಚ್ಚಿದ್ದಳು.

ಎರಡು ರಾತ್ರಿ ಸೀಮೆಎಣ್ಣೆ. ಆಮೇಲೆ
ಹಲ್ಲಿನ ಕಿಟ್ಟ ತೆಗೆಯುವ ಕೊಕ್ಕೆಯಿಂದಲೇ ಕೆರೆದೆ.
ಕ್ಲಿನಿಕ್ಕಿಗೆ ಒಯ್ದು ಹತ್ತಿ ತುಂಬಿಟ್ಟೆ.

ಹವಾಲ್ದಾರ್ ರಂಗನಾಥ ಢಮಾಲೆ,
ಎಂಬತ್ತೊಂದು ವರ್ಷ, ಎಡದವಡೆಯ ಕೆಳಗಿನ ಹಲ್ಲು,
ಹತ್ತಿಯನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದರು.
ಕೊರಳಿನ ಟವೆಲ್ ಸಮೇತ ಕುರ್ಚಿಯಿಂದಿಳಿದು
ಛತ್ರಿಯ ಹಿಡಿಯನ್ನು ನೆಲಕ್ಕೂರಿ, ತುದಿ ಮೇಲೆ ಮಾಡಿ
ಒಂದು ಮಂಡಿಯೂರಿ ಕೂತರು.
‘ಹೀಗೆ. ಭುಜಕ್ಕೆ ಕೊಟ್ಟರೆ ಭುಜ ನಿಮ್ಮದಲ್ಲ.’

ಅರವತ್ತೈದರಲ್ಲಿ, ಒಂದು ಕಬ್ಬಿನ ಗದ್ದೆಯ ಬದುವಿನಲ್ಲಿ,
ಬಾಂಬು ಬಟ್ಟಲಲ್ಲಿ ಕೂತಿದೆ, ಪಿನ್ನು ಎಳೆದಾಗಿದೆ,
ಕುದುರೆ ಒತ್ತಿದರೆ ಬರೀ ಟಕ್.
ಮದ್ದು ನೆನೆದಿತ್ತು.
‘ಪಿನ್ನು ಎಲ್ಲೋ ಬಿಸಾಕಿದ್ದೆ. ಯಾರು ಇಟ್ಟುಕೊಳ್ಳುತ್ತಾರೆ?
ಈಗ ಅದರ ಸನ್ನೆಯನ್ನು ಹಿಡಿದಿದ್ದು
ಇದರ ಗೋಡೆ ಒಂದೇ.
ಬಂದೂಕು ವಾಲಿದರೆ ಜಾರುತ್ತದೆ.
ಜಾರಿದರೆ ಏಳು ಎಣಿಸುವಷ್ಟು ಹೊತ್ತು.’

ದೀಪ ಹಚ್ಚುವ ಹಾಗಿಲ್ಲ. ಅಮಾವಾಸ್ಯೆ ಬೇರೆ.
ಬೆಳಕು ಹರಿಯುವವರೆಗೂ ಕೂತೇ ಇದ್ದರಂತೆ
ನೆಟ್ಟಗೆ, ಬಂದೂಕನ್ನು ಎರಡೂ ಕೈಯಲ್ಲಿ ಹಿಡಿದು,
ಸೊಳ್ಳೆಗೆ ಕೆನ್ನೆ ಕೊಟ್ಟು.
ಬೆಳಗ್ಗೆ ಸೋಪಾನ ಖರಾತ ಬಂದು
ಗುಂಡಿ ಹೊಲಿಯುವ ಸೂಜಿಯನ್ನು
ಪಿನ್ನಿನ ತೂತಿಗೆ ತೂರಿಸಿದ.
‘ಅವನ ಕೈ ನಡುಗಲಿಲ್ಲ ನೋಡಿ.
ಆಮೇಲೆ ಚಹಾ ಕುಡಿಯುವಾಗ ನಡುಗಿತು.’

‘ನಿಮಗೆ?’ ಎಂದೆ.
ಬಾಯಿ ತೆರೆದು ಬೆರಳಿಟ್ಟು ತೋರಿಸಿದರು.
ಮೂರು ವರ್ಷದಿಂದ ನಾನು ಮೇಲುಮೇಲೆ ತುಂಬುತ್ತಿದ್ದ ಬಿರುಕು.
ಅಡಕೆ ತಿನ್ನುತ್ತೀರಾ ಎಂದು ಬೈಯುತ್ತಿದ್ದ ಬಿರುಕು.
ಇಡೀ ರಾತ್ರಿ ಕಚ್ಚಿ ಹಿಡಿದ ದವಡೆ.

ಇನ್ನು ತುಂಬಲು ಜಾಗವಿಲ್ಲ ಎಂದೆ.
ತೆಗೆಯಿರಿ ಎಂದರು.
ಸೂಜಿ ಚುಚ್ಚುವಾಗ ಕಣ್ಣು ಮುಚ್ಚಿದರು,
ಯುದ್ಧ ನೋಡಿದ ಮನುಷ್ಯ.
ಬೇರು ಎರಡು. ಒಂದು ಬೇಗ ಬಂತು.
ಇನ್ನೊಂದು ಇಕ್ಕಳಕ್ಕೂ ಬಗ್ಗಲಿಲ್ಲ, ಹಿಡಿದುಕೊಂಡೇ ಇತ್ತು.
ಹೊರಗೆ ದಾಪೋಡಿ ಕಡೆಯ ಲೋಕಲ್ ಹೋಯಿತು,
ಮಾಳಿಗೆ ಸ್ವಲ್ಪ ಅದುರಿತು.

ಹತ್ತಿ ಮುಗಿದಿತ್ತು. ಗಾಬರಿಯಲ್ಲಿ ಹಲ್ಲನ್ನು
ಖಾಲಿ ಬಟ್ಟಲಿಗೇ ಹಾಕಿಬಿಟ್ಟೆ.
ಟಣ್.

ಅವರು ಕಣ್ಣು ತೆರೆದು, ಮರಗಟ್ಟಿದ ತುಟಿಯಲ್ಲಿ
ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ.
ಇನ್ನೊಮ್ಮೆ ಹೇಳಿ ಎನ್ನುವುದರೊಳಗೆ
ಛತ್ರಿ ಹುಡುಕತೊಡಗಿದ್ದರು.