ಕಾರ್ಬನ್ ಪ್ರತಿ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟು.
ಹತ್ತು ಯಂತ್ರ, ಮೂರಕ್ಕೆ ‘ಕ್ಯೂ’ ಇಲ್ಲ.
ಹಾಲೇಶಪ್ಪ ಮೇಷ್ಟ್ರು ಬರುತ್ತಿದ್ದದ್ದು ಏಳರ ಮೇಲೆ,
ಕೋರ್ಟಿನ ಅರ್ಜಿ, ಸೈಟಿನ ಕರಾರು ಎಲ್ಲ ಮುಗಿದು
ನನ್ನ ಬೆರಳು ಇನ್ನೂ ಬೆಚ್ಚಗಿರುವಾಗ.

“ಗ್ರೀಕ್ ಅಕ್ಷರ ಬಂದಲ್ಲಿ ಜಾಗ ಬಿಡಿ ತಾರಾಬಾಯಿ,
ಕೈಯಲ್ಲಿ ಬರೆದುಕೊಳ್ಳುತ್ತೇನೆ.”
ಎಷ್ಟು ಬಿಡಲಿ?
“ಸೈಗೆ ಎರಡು ಮನೆ, ಸಿಗ್ಮಾಗೂ ಎರಡು.
ಇಂಟಿಗ್ರಲ್ಲಿಗೆ ಮೇಲೂ ಕೆಳಗೂ ಒಂದೊಂದು ಸಾಲು,
ಅದರ ಕತ್ತು ಉದ್ದ.”

ಏನು ಸಾರ್ ಇದೆಲ್ಲ, ಎಂದೆ ಒಂದು ದಿನ.
ಎಲೆಕ್ಟ್ರಾನು ಹೋಗಿ ಹೀಲಿಯಮ್ಮಿಗೆ ಡಿಕ್ಕಿ ಹೊಡೆಯುತ್ತದೆ, ಎಂದರು.
ನೋಡಿದ್ದೀರಾ?
“ಡಿಕ್ಕಿಯನ್ನು ಯಾರೂ ನೋಡಿಲ್ಲ.
ಬಂದದ್ದು ಗೊತ್ತು, ಹೋದದ್ದು ಗೊತ್ತು.
ನಡುವಿನದಕ್ಕೇ ಈ ಇಪ್ಪತ್ತೆರಡು ಪುಟ.”

ಪ್ರಯೋಗಶಾಲೆ ಅಂತ ಅವರಿಗೊಂದು ಇರಲಿಲ್ಲ.
ಕೈಯಲ್ಲಿ ತಿರುಗಿಸುವ ಲೆಕ್ಕದ ಯಂತ್ರ ಒಂದಿತ್ತು,
ಕಾಫಿಬೀಜ ಪುಡಿಮಾಡುವುದರ ಹಾಗೆ ಹಿಡಿಕೆ.
ದೊಡ್ಡ ಲೆಕ್ಕಕ್ಕೆ ರಾತ್ರಿ ರೈಲು, ಬೀರೂರಿನಲ್ಲಿ ಅರೆನಿದ್ದೆ,
ತೊಡೆಯ ಮೇಲೆ ಪಂಚ್ ಕಾರ್ಡಿನ ಪೆಟ್ಟಿಗೆ
ಮೊಟ್ಟೆಬುಟ್ಟಿಯಂತೆ.
ಮೂರು ದಿನ ಕಾಯಿಸಿ ಬೆಂಗಳೂರಿನ ಕಂಪ್ಯೂಟರು ಒಮ್ಮೆ
ಒಂದೇ ಹಾಳೆ ಕೊಟ್ಟು ಕಳಿಸಿತ್ತು:
ಏಳನೇ ಕಾರ್ಡಿನಲ್ಲಿ ಅಲ್ಪವಿರಾಮ ಇಲ್ಲ.
ಗೋಪಿ ಸರ್ಕಲ್ಲಿನಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ ನನ್ನ ಮುಂದಿಟ್ಟು
“ನಿಮಗಿಂತ ಕಟ್ಟುನಿಟ್ಟು ಕಣ್ರೀ ಅದು” ಎಂದು ನಕ್ಕರು.

ಪರಮಾಣು ಎಷ್ಟು ದೊಡ್ಡದು ಎಂದು ಕೇಳಿದರೆ
ಕಿಟಕಿಯಾಚೆ ಬೀದಿ ತೋರಿಸಿದರು.
“ಅದು ಬರುವವನ ವೇಗದ ಮೇಲೆ.
ಅವಸರದಲ್ಲಿ ಹಾಯುವವನಿಗೆ ದುರ್ಗಿಗುಡಿಯೇ ಇಲ್ಲ.
ಸಾವಕಾಶ ಹೋಗುವವನಿಗೆ
ಒಂದೊಂದು ಜಗಲಿಯೂ ಅಡ್ಡ.”

ಇನ್ನೊಂದು ಮಾತು ನನಗೆ ಬಹಳ ದಿನ ಹಿಡಿಯಿತು.
ಒಳಗೆ ಹೋದದ್ದು ಒಂದು ಎಲೆಕ್ಟ್ರಾನು, ಹೊರಗೆ ಬಂದದ್ದು ಒಂದು.
ಹೋದದ್ದೇ ಬಂತೋ, ಒಳಗಿದ್ದದ್ದು ಹೊರಬಿತ್ತೋ?
“ಕೇಳುವ ಹಾಗಿಲ್ಲ.
ಉತ್ತರ ಸಿಕ್ಕಿಲ್ಲ ಅಂತಲ್ಲ, ಪ್ರಶ್ನೆಯೇ ಇಲ್ಲ.
ಎರಡನ್ನೂ ಬರೆದು ನಡುವೆ ಒಂದು ಮೈನಸ್ ಹಾಕುವುದು.”

ಹದಿನಾಲ್ಕನೇ ಸಮೀಕರಣ.
ಯಂತ್ರದಲ್ಲಿ ಮೈನಸ್ಸಿನ ಪಕ್ಕದ ಮನೆ ಪ್ಲಸ್ಸು,
ಶಿಫ್ಟ್ ಒತ್ತದೆ ಬೀಳುವುದಿಲ್ಲ. ಒತ್ತಿದ್ದೆ.
ಎರಡು ದಾರಿ ಇದ್ದರೆ ಕೂಡಬೇಕಲ್ಲವೆ
ಎಂದು ಬೆರಳಿಗೆ ಅನ್ನಿಸಿರಬೇಕು.

ಲೇಖನ ಅಚ್ಚಾಗಿ ಆರು ತಿಂಗಳಿಗೆ ಪೋಲೆಂಡಿನಿಂದ ಒಂದು ಕಾರ್ಡು:
ತಮ್ಮ ಹದಿನಾಲ್ಕನ್ನು ಹಿಡಿದು ಹೊರಟರೆ
ತಮ್ಮ ಗೆರೆ ಬರುವುದಿಲ್ಲ.
ಮೇಷ್ಟ್ರು ನನ್ನ ಕಡೆ ನೋಡಲಿಲ್ಲ.
ತಿದ್ದುಪಡಿಯನ್ನು ನನ್ನ ಕೈಯಲ್ಲೇ ಟೈಪು ಮಾಡಿಸಿದರು,
ನಾಲ್ಕೇ ಸಾಲು, ಕೊನೆಯದು:
‘ಲೇಖಕನ ಅಜಾಗರೂಕತೆಗೆ ವಿಷಾದವಿದೆ.’
ಎರಡು ರೂಪಾಯಿ ಕೊಟ್ಟರು, ಚಿಲ್ಲರೆ ಬೇಡವೆಂದರು.

ಹದಿಮೂರು ಲೇಖನ, ಮೂವತ್ತೊಂದು ವರ್ಷ,
ಬೆಳಗ್ಗೆ ಹುಡುಗರಿಗೆ ಅದೇ ಲೋಲಕದ ಪಾಠ.
ಅವರು ಹೋದ ಮೇಲೆ ಮೂಲಪ್ರತಿಗಳು ಎಲ್ಲಿಗೆ ಹೋದವೋ.
ನನ್ನ ಟ್ರಂಕಿನಲ್ಲಿ ಕಾರ್ಬನ್ನುಗಳಿವೆ,
ಅಂಚು ಪುಡಿಯಾಗಿ, ನೀಲಿ ಮಾಸಿ.
ಅವರ ಕೈಬರಹ ಅದರಲ್ಲಿ ಒಂದೂ ಇಲ್ಲ.
ಪುಟದ ತುಂಬ ನಾನು ಬಿಟ್ಟ ಜಾಗ.

ಮೊನ್ನೆ ಶಂಕರಘಟ್ಟದಿಂದ ಒಬ್ಬಳು ಹುಡುಗಿ, ನಸೀಮಾ,
ಪಿಎಚ್‌ಡಿ ಅಂತೆ, ಹೇಗೋ ವಿಳಾಸ ಹುಡುಕಿಕೊಂಡು ಬಂದಳು.
ಇಲ್ಲಿ ಏನಿತ್ತು ಆಂಟಿ? ಎರಡು ಮನೆ, ಸೈಯೋ ಸಿಗ್ಮಾವೋ.
ಇಲ್ಲಿ? ಅದೂ ಎರಡು.
ಪೆನ್ಸಿಲ್ಲಿನಲ್ಲಿ ತುಂಬುತ್ತ ಹೋದಳು, ಟೀ ಆರಿತು.
ಹದಿನಾಲ್ಕಕ್ಕೆ ಬಂದು ನಿಂತಳು.
ಇಲ್ಲಿ ಮೈನಸ್ ಇರಬೇಕಲ್ವಾ?

ಹೌದಮ್ಮ, ಅಂದೆ.
ಅದನ್ನು ಅಳಿಸಬೇಡ, ಅದು ನನ್ನದು.