ಇಳಿಜಾರಿನ ಲೆಕ್ಕ

ದೋಣಿಗಾಲಿನಲ್ಲಿ ನನ್ನ ಅಂಗಡಿ.
ಬೋರ್ಡಿನಲ್ಲಿ ಇಷ್ಟೇ: ಘಟ್ಟ ಇಳಿಯುವ ಮುನ್ನ ಬ್ರೇಕ್ ತೋರಿಸಿ.
ಮೂವತ್ತೊಂದು ವರ್ಷ ನಾನು ಮೂಗಿನಿಂದ ದುಡಿದೆ.
ಸುಟ್ಟ ಲೈನರಿನ ವಾಸನೆ ಕುಡಿದೇ
ಎರಡು ಕೋಣೆ ಕಟ್ಟಿಸಿದೆ, ತಂಗಿಯರ ಮದುವೆ ಮಾಡಿದೆ.
ಮಂಗಳೂರಿಗೆ ಇಳಿದು ಮರಳಿದ ಲಾರಿಯ ಡ್ರಮ್ ಬಿಚ್ಚಿದರೆ
ಡ್ರೈವರ್ ಎಷ್ಟು ತಿರುವಿನಲ್ಲಿ ಹೆದರಿದ ಎಂದು,
ಅವನು ಹೆಂಡತಿಗೂ ಹೇಳದ್ದನ್ನು, ಹೇಳಬಲ್ಲೆ.

ಇಂಥ ನನ್ನ ಮುಂದೆ
ಇದಿನಬ್ಬ ತಂದು ನಿಲ್ಲಿಸಿದ, ಕೆಮ್ಮದ ಒಂದು ಲಾರಿ.
ಹಾಸನದ ಕ್ಯೂರಿಂಗ್ ವರ್ಕ್ಸಿನಿಂದ ಬಂದರಿಗೆ ಕಾಫಿ,
ಡೀಸೆಲ್ ಟ್ಯಾಂಕ್ ಇರಬೇಕಾದಲ್ಲಿ ಬ್ಯಾಟರಿಯ ಪೆಟ್ಟಿಗೆ.
"ಬಿಸಿಲು ಕುಡಿದು ಓಡ್ತದೆ ಆಚಾರ್ರೇ" ಅಂದ.
"ಆಷಾಢದಲ್ಲಿ?" ಅಂದೆ.
ಬೀಡಿ ಹಚ್ಚಿದ. ಅಷ್ಟೇ ಉತ್ತರ.

ನನಗೂ ಗೊತ್ತು ಕೆಲವು.
ಶೆಡ್ಡಿನ ಮೇಲೆ ಹಾಸಿದ ಫಲಕ
ಹನ್ನೊಂದರಿಂದ ಮೂರರವರೆಗೆ ಒಳ್ಳೆಯ ಆಳು;
ಮಿಕ್ಕ ಹೊತ್ತು ತಂತಿಯಲ್ಲಿ ಬರುವುದು ಕಲ್ಲಿದ್ದಲೇ.
ಹೊಗೆ ಸತ್ತಿಲ್ಲವಯ್ಯಾ,
ರಾಯಚೂರಿಗೆ ವರ್ಗವಾಗಿದೆ ಅಂದೆ.
ಲೋಡಿನ ಜತೆ ಬಂದಿದ್ದ ಗುಮಾಸ್ತೆ ಕೆಂಚಾಂಬ
ರಿಜಿಸ್ಟರಿನಿಂದ ತಲೆ ಎತ್ತಿದಳು:
"ಕಣದಲ್ಲಿ ಕಾಫಿ ಒಣಗಿಸೋನು ಯಾರು, ನಿಮ್ಮ ಡೀಸೆಲ್ಲಾ?
ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದೆ
ನಮ್ಮಜ್ಜಿ ಕಾಲದಿಂದ ದುಡೀತಾವ್ನೆ ಸೂರ್ಯ."

ಅದಕ್ಕೆ ನನ್ನ ಬಳಿ ಮಾತಿರಲಿಲ್ಲ.
ತಾತನೂ ಹೀಗೇ ಸೋತವನು.
ಎತ್ತಿನ ಗಾಡಿಯ ಚಕ್ರಕ್ಕೆ ಪಟ್ಟಿ ಕಾಯಿಸಿ ತೊಡಿಸುತ್ತಿದ್ದವ
ಮೊದಲ ಲಾರಿ ನೋಡಿ ಕುಲುಮೆಯ ಮುಂದೆ ನಕ್ಕಿದ್ದನಂತೆ:
ಹುಲ್ಲು ತಿನ್ನದ್ದು ಘಟ್ಟ ಹತ್ತೀತೇ?
ಆ ನಗು ನಮ್ಮಲ್ಲಿ ಆಸ್ತಿಯಂತೆ ಇಳಿದು ಬಂದಿದೆ.
ನನ್ನ ಪಾಲನ್ನು ನಾನಿನ್ನೂ ಪೂರ್ತಿ ಖರ್ಚು ಮಾಡಿಲ್ಲ.

ಡ್ರಮ್ ಬಿಚ್ಚಿ, ಲೈನರಿನ ಮೇಲೆ
ಸೀಮೆಸುಣ್ಣದಲ್ಲಿ ಅಡ್ಡ ಗೀಟು ಎಳೆದೆ.
ಅಳಿಸದೆ ಬರಲಿ, ಆಮೇಲೆ ಮಾತು.
"ನೀವೂ ಬನ್ನಿ, ಜಾಗ ಇದೆ" ಎಂದ. ಹತ್ತಿದೆ.

ಮಾರನಹಳ್ಳಿ ದಾಟುವವರೆಗೂ ನನ್ನ ಬಲಗಾಲು
ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು.
ಇದಿನಬ್ಬನ ಕಾಲು ಸುಮ್ಮನೆ ಕೂತಿತ್ತು,
ಹರಕೆ ತೀರಿಸಿ ಬಂದವನ ಹಾಗೆ.
ಲಾರಿ ತನ್ನ ಭಾರವನ್ನು ತಾನೇ ಹಿಡಿದು ಇಳಿಯುತ್ತಿತ್ತು.
ಮೀಟರಿನಲ್ಲಿ ನಲವತ್ತಿದ್ದದ್ದು ನಲವತ್ಮೂರು, ನಲವತ್ತೇಳು.
ಇಳಿಯುತ್ತ ತುಂಬಿಕೊಳ್ಳುವುದನ್ನು
ನಾನು ಬಾವಿಯ ಕೊಡದಲ್ಲಿ ಮಾತ್ರ ನೋಡಿದ್ದೆ.
ವಾಸನೆ ಇಲ್ಲ.
ಮೂಗು ಕೆಲಸ ಕಳೆದುಕೊಂಡು ಕೂತಾಗ
ಕಿವಿ ಎದ್ದಿತು: ಕೆಂಪುಹೊಳೆ.
ಇಷ್ಟು ವರ್ಷವೂ ಪಕ್ಕದಲ್ಲೇ ಹರಿಯುತ್ತಿತ್ತಂತೆ.
ಗುಂಡ್ಯಕ್ಕೆ ಐವತ್ತೆರಡು.

ಅಂದ ಮಾತ್ರಕ್ಕೆ ನಂಬಿದೆ ಅಂತಲ್ಲ.
ಇಳಿದು ಗಳಿಸಿದ್ದನ್ನು ಏರುವಾಗ ಬಡ್ಡಿಸಮೇತ ಕಕ್ಕಬೇಕು.
ಬರುವಾಗ ದಾರಿಯ ಚಾರ್ಜರ್ ಕೆಟ್ಟು
ಐದು ಗಂಟೆ ಲಾರಿಯ ನೆರಳಿನಲ್ಲಿ ಬಿದ್ದುಕೊಂಡೆವು.
ನೆತ್ತಿಯ ಮೇಲೆ ಬೇಕಾದಷ್ಟು ಬಿಸಿಲು,
ಹಿಡಿದು ಕೊಡುವ ಕೈಯಿಲ್ಲ.
ಹಳೆಯ ಲಾರಿಗಳು ಹಾರ್ನ್ ಹೊಡೆದು ಹೋದವು;
ಒಬ್ಬ ನಿಧಾನಿಸಿ ಕೇಳಿದ, "ಮೊಬೈಲ್ ಚಾರ್ಜರ್ ಕೊಡ್ಲಾ?"
ಇದಿನಬ್ಬನೂ ನಕ್ಕ. ನಾನು ನಗಲಿಲ್ಲ,
ಯಾಕೋ ನನ್ನನ್ನೇ ಆಡಿಕೊಂಡಂತಾಯಿತು.
ಕೆಂಚಾಂಬ ಆ ಐದು ಗಂಟೆಯನ್ನು
ರಿಜಿಸ್ಟರಿನಲ್ಲಿ ಬರೆದುಕೊಂಡಳು. ಮುಚ್ಚಿಡಲಿಲ್ಲ.
ಅವಳ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗ,
ಲಾರಿಯ ಮೇಲಲ್ಲ.

ರಾತ್ರಿ ಅಂಗಡಿಯ ಬಲ್ಬಿನ ಕೆಳಗೆ ಡ್ರಮ್ ಬಿಚ್ಚಿದೆ.
ಗೀಟು ಅರ್ಧ ಅಳಿಸಿತ್ತು.
ಅವಳು ಉಳಿದರ್ಧ ತೋರಿಸಿದಳು,
ನಾನು ಹೋದರ್ಧ ತೋರಿಸಿದೆ.
"ಎಷ್ಟಾಯ್ತು?" ಅಂದ ಇದಿನಬ್ಬ.
ಬದಲಿಸುವಂಥದ್ದು ಏನೂ ಇಲ್ಲ ಅನ್ನಲು
ನನ್ನ ನಾಲಗೆ ಒಂದು ಘಟ್ಟ ಹತ್ತಬೇಕಾಯಿತು.
ಉಳಿದ ಗೀಟನ್ನು ಹೆಬ್ಬೆರಳಿನಿಂದ ಒರೆಸಿ
ಹೊಸದೊಂದು ಎಳೆದೆ, ಈ ಸಲ ಸ್ವಲ್ಪ ಒತ್ತಿ.
"ಆಷಾಢ ಕಳೆದು ಬಾ."