ಬಾವಿ ಕಡಿ ಹಳದಿ

ಮಲಕಪ್ಪ ಹತ್ತೂರೆಯ ತೊಗರಿ ಹೊಲ ನಾಲ್ಕೆಕರೆ.
ನಡುವ ಒಂದು ಗೆರಿ ಹಾದದ, ಅವಗ ಗೊತ್ತಿಲ್ಲ.
ಬದುವಲ್ಲ, ಕಾಲುವಿ ಅಲ್ಲ,
ತಲಾಠಿಯ ನಕಾಶಿಯೊಳಗೂ ಇಲ್ಲ.
ನನ್ನ ಮೊಬೈಲಿನ್ಯಾಗ ಮಾತ್ರ ಅದ:
ಬೇವಿನ ಗಿಡದ ಕಡಿ ಹಸರು,
ಬಾವಿ ಕಡಿ ಹಳದಿ.

ಹೊಟಗಿ ರಸ್ತೆಯ ವಿಮಾನ ನಿಲ್ದಾಣದ ಗ್ವಾಡಿಯಿಂದ
ಎಂಟು ಕಿಲೋಮೀಟರು ಅಳದು ಸುತ್ತಿದ ಗೆರಿ
ಇಲ್ಲಿ ಬಂದು ಇವನ ಬೆಳಿ ಸೀಳಿ ಹೋಗ್ಯದ.
ಅದರಾಚಿ, ಹನ್ನೆರಡರ ತನಕ, ಇನ್ನೂರು ಫೂಟು ನನ್ನದು.
ಈಚಿ ನೆಲದಿಂದಲೇ ಹಳದಿ,
ಗೇಣು ಎತ್ತರಕ್ಕೂ ಕೇಳಬೇಕು.

"ಒಂದಾಳೆತ್ತರ ಹಾರತದ ನಿನ್ನ ಯಂತ್ರ, ಸುಗಲಾ.
ವಿಮಾನ ಏನ್ ತೊಗರಿ ತಿನ್ನಾಕ ಇಳೀತದ?"
ಮಲಕಪ್ಪನ ಮಾತು ಸುಳ್ಳಲ್ಲ.
ಕೀಡಿ ಕಾಯೊಳಗ ಹೊಕ್ಕಾದ ಮ್ಯಾಲ
ಕಾಯೋದು ಯಾರಿಗೂ ಸಸಾರಲ್ಲ.

ಬೇವಿನ ಕಡಿ ಮುಗಿಸಿದೆ. ಹತ್ತು ಲೀಟರು, ಏಳು ನಿಮಿಷ, ಮತ್ತ ಹತ್ತು.
ಗೆರಿ ಬಂದ ಕೂಡಲೆ ಯಂತ್ರ ತಾನ ನಿಂತಿತು
ನಡುಗಾಳಿಯೊಳಗ,
ಹೊಸ್ತಿಲಕ್ಕ ಬಂದ ಮ್ಯಾಲ ಕಾಲಾನ ಚಪ್ಪಲಿ ನೆನಪಾದವರಂಗ.

ಅರ್ಜಿ ಮೂರು ದಿನದ ಹಿಂದೇ ಹಾಕಿದ್ದೆ:
ಯಂತ್ರದ ನಂಬರು, ನನ್ನ ಲೈಸನ್ಸಿನ ನಂಬರು,
ಅಕ್ಷಾಂಶ, ರೇಖಾಂಶ, ಎತ್ತರ, ತಾಸು.
ಉದ್ದೇಶ ಅಂದಲ್ಲಿ ನಾ 'ಕೀಡಿ' ಅಂದೆ,
ಲಾಡ್ಲೆಸಾಬ ನಕ್ಕು ಅದನ್ನ ಇಂಗ್ಲಿಷಿನ್ಯಾಗ ಉದ್ದ ಮಾಡಿ ಬರದ.
ಮನ್ಯಾಗ ಕನ್ನಡ, ಕಚೇರ್ಯಾಗ ಮರಾಠಿ,
ಮುಗಿಲಿನ್ಯಾಗ ಮತ್ತೊಂದು.

ಬಾವಿ ಕಟ್ಟಿ ಮ್ಯಾಲ ನಿಂಬೆವ್ವತ್ತಿ ಬುತ್ತಿ ಬಿಚ್ಚಿದಳು,
ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ.
"ಆಕಾಶಕ್ಕೂ ಗೆರಿ ಹೊಡದಾರಾ?
ನಮ್ಮವ್ವ ಇಂಡಿಯಿಂದ ಇಲ್ಲಿಗೆ ಮದವಿ ಆಗಿ ಬಂದಾಗ
ಎರಡೂ ಮುಂಬಯಿ ಸರಕಾರ.
ಒಂದಿನ ಎದ್ದು ಕಸ ಹೊಡಿಯೋದ್ರಾಗ
ತವರು ಬ್ಯಾರೆ ರಾಜ್ಯ ಆಗಿತ್ತಂತ.
ಅಕಿನ್ನ ಯಾರು ಕೇಳಿದ್ರು?"

ನಾ ರೊಟ್ಟಿ ಮುರದೆ.
ಈ ಗೆರಿಗಾದರೂ ಒಂದು ಕದ ಅದ, ಬಡೀಬಹುದು.
ಒಳಗಿನವರು ಹೂಂ ಅನ್ನಬಹುದು,
ಅನ್ನದೇನೂ ಇರಬಹುದು.

ಆಗ ಬಂತು ಎರಡು ಪಂಖದ ಸಣ್ಣ ವಿಮಾನ,
ಕಿಡಕಿ ಎಣಿಸೋವಷ್ಟು ಕೆಳಗ,
ಹೊಲದ ಮ್ಯಾಲ ನೆರಳು ಎಳಕೊಂತ.
ಒಳಗ ಯಾರೋ ಕೂಸಿಗೆ ಬೆಲ್ಟು ಕಟ್ಟತಿರಬೇಕು.
ಮಲಕಪ್ಪ ಮುಂಡಾಸ ಹಿಡಕೊಂಡ.
ಆಮ್ಯಾಲ ತೊಗರಿ ಮಾತು ಎತ್ತಲಿಲ್ಲ.

ಮೂರೂ ಹತ್ತಕ್ಕ ಮೊಬೈಲು ನಡುಗಿತು:
ನಾಲ್ಕರಿಂದ ಐದು. ಮೂವತ್ತು ಫೂಟು. ಮ್ಯಾಲಿಲ್ಲ.

ಟಾಕಿ ತುಂಬಿ, ಬ್ಯಾಟರಿ ಬದಲಿಸಿ ನಿಂತರ
ಗಾಳಿ ಎದ್ದಿತ್ತು.
ಲಾಡ್ಲೆಸಾಬ ಒಂದು ಚಿಟಿಕಿ ಮಣ್ಣು ಬಿಟ್ಟು ನೋಡಿದ.
ಹಸರಿನಿಂದ ಹಳದಿಗೆ ತೂರಿ ಹೋತು,
ಯಾರನ್ನೂ ಕೇಳದ.

"ಇಳೀತದ ಗಾಳಿ," ಅಂದ ಮಲಕಪ್ಪ, ತನಗ ತಾನ.
ಐದಕ್ಕ ಇನ್ನೂ ಐವತ್ತು ನಿಮಿಷ.